ಬೆಟ್ಟದ ನೆತ್ತಿಯ ಸೌದೆ

"ಬುದ್ಧಿ, ದೇಶ ದೇಶ ಸುತ್ತಿದವನು ಕಂಡದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದು?" ಎಂದು ಶಿಷ್ಯ ಗುರುಪಾದ ಕೇಳಿದ. ಲೋಕ ತಿರುಗಿ ಪುಸ್ತಕ ಬರೆಯುವ ಹಂಬಲ ಅವನಿಗೆ ಹತ್ತಿತ್ತು.

ಸ್ವಾಮಿಗಳು ನಕ್ಕರು. "ಹೊರಡುವ ಮೊದಲೇ ಉತ್ತರ ಬೇಕೇನಪ್ಪಾ ನಿನಗೆ? ಆಗಲಿ, ಕೇಳು."

ಒಬ್ಬ ಬರಹಗಾರನಿದ್ದ. ಕಾಲಿಗೆ ಚಕ್ರ ಕಟ್ಟಿಕೊಂಡವನು. ಆಫ್ರಿಕದ ಮರುಭೂಮಿ ದಾಟಿದ, ಯುರೋಪಿನ ಊರುಗಳನ್ನೆಲ್ಲ ನೋಡಿದ, ಕಂಡದ್ದನ್ನೆಲ್ಲ ಬರೆದ. ಕಡೆಗೆ ಭೂಮಿಯ ಇನ್ನೊಂದು ತುದಿಯ ಹಿಮದ ಬೆಟ್ಟವೊಂದಕ್ಕೆ ಬಂದ. ಅದನ್ನು ದಾಟಿದರೆ ಬಂದರು, ಅಲ್ಲಿಂದ ಊರಿಗೆ ಹಡಗು. ಊರಲ್ಲಿ ಹೆಂಡತಿ ದಾರಿ ಕಾಯುತ್ತಿದ್ದಳು.

ಬೆಟ್ಟದ ಬುಡದಲ್ಲಿ ಒಬ್ಬ ರೈತ ಅವನ ಮುಂದೆ ಒಂದು ಹೊರೆ ಸೌದೆ ಚಾಚಿದ. ಮಾರಲು ಬಂದಿದ್ದಾನೆ ಎಂದುಕೊಂಡು, ಬೇಡ ಎಂದು ಕೈಯಾಡಿಸಿ ಇವನು ಹತ್ತಿದ.

ನೆತ್ತಿಯಲ್ಲಿ ಹಿಮಗಾಳಿ ಹಿಡಿಯಿತು. ಇನ್ನೇನು ಜೀವ ಹೋಯಿತು ಎನ್ನುವಾಗ ಒಂದು ಕಲ್ಲಿನ ಗುಡಿಸಲು ಕಂಡಿತು. ಒಳಗೆ ಯಾರೂ ಇಲ್ಲ. ಒಲೆಯ ಪಕ್ಕದಲ್ಲಿ ಒಣಸೌದೆ, ಬೆಂಕಿಪೊಟ್ಟಣ. ಸುತ್ತ ಎಲ್ಲೂ ಒಂದು ಗಿಡವಿಲ್ಲ. ಇವನ ಹೆಸರೂ ತಿಳಿಯದ ಯಾರೋ ಅಷ್ಟೆತ್ತರಕ್ಕೆ ಅದನ್ನು ಹೊತ್ತು ತಂದಿಟ್ಟಿದ್ದರು. ಬೆಂಕಿಯ ಮುಂದೆ ಕೂತು ಅವನು ಅತ್ತುಬಿಟ್ಟ. ಅಷ್ಟು ದೇಶ ತಿರುಗಿದರೂ ಅವನಿಗೆ ಇಂಥ ಬೆರಗು ಆಗಿರಲಿಲ್ಲ. ಗಾಳಿ ನಿಂತ ಮೇಲೆ, ಆ ಕಾಣದ ಕೈಗಳನ್ನು ಹೊಗಳಿ ಒಂದು ಹಾಳೆಯ ತುಂಬ ಬರೆದು, ಒಲೆಯ ಬಳಿ ಇಟ್ಟು, ಆಚೆ ಇಳಿದ. ಬರೆಯುವವನಿಗೆ ಬೇರೇನು ಹೊಳೆಯಬೇಕು, ಹೇಳು.

ಕೆಳಗೆ ಕುರಿ ಕಾಯುವ ಹೆಂಗಸೊಬ್ಬಳು ಅವನನ್ನು ಕೂರಿಸಿ ಬಿಸಿ ಗಂಜಿ ಕೊಟ್ಟಳು.

"ನೀವು ಹೊತ್ತು ತಂದ ಸೌದೆಯನ್ನು ನೆನೆಯದ ಹಾಗೆ ಇಟ್ಟು ಬಂದಿರಿ ತಾನೆ?" ಎಂದು ಕೇಳಿದಳು.

"ನಾನು ಸೌದೆ ತಂದಿರಲಿಲ್ಲ ತಾಯಿ. ಅಲ್ಲಿದ್ದದ್ದನ್ನೆಲ್ಲ ಉರಿಸಿದೆ."

ಅವಳ ಮುಖ ಕಪ್ಪಿಟ್ಟಿತು. ಇದ್ದ ಸೌದೆ ಉರಿಸಿಕೊಂಡು, ತಾನು ಹೊತ್ತು ತಂದದ್ದನ್ನು ಮುಂದೆ ಬರುವವನಿಗೆ ಇಟ್ಟುಹೋಗುವುದು ಆ ಬೆಟ್ಟದ ಪದ್ಧತಿ ಎಂದು ಹೇಳಿದಳು. ಬುಡದ ರೈತ ಹೊರೆ ಚಾಚಿದ್ದು ಅದಕ್ಕೆ. ಈಗ ಮತ್ತೆ ಮೋಡ ಕಟ್ಟುತ್ತಿತ್ತು. ಅವಳು ಎದ್ದು ಸೌದೆ ಕಟ್ಟತೊಡಗಿದಳು.

ಬರಹಗಾರ ಬಂದರಿನ ಕಡೆ ನೋಡಿದ. ಆ ದಿನ ಸಂಜೆಯ ಹಡಗು ಚಳಿಗಾಲಕ್ಕೆ ಕೊನೆಯದು. ತಪ್ಪಿದರೆ ಹಿಮ ಕರಗುವ ತನಕ ಊರಿನ ಮಾತಿಲ್ಲ. ಆದರೂ ಅವಳ ಕೈಯಿಂದ ಹೊರೆ ತೆಗೆದು ಬೆನ್ನಿಗೇರಿಸಿಕೊಂಡ. ತನ್ನ ಪುಸ್ತಕದ ಗಂಟನ್ನು ಅವಳ ಮನೆಯಲ್ಲೇ ಬಿಟ್ಟ.

ಗುಡಿಸಲಿಗೆ ಇನ್ನೂ ಯಾರೂ ಬಂದಿರಲಿಲ್ಲ. ಸೌದೆ ಒಟ್ಟಿದ. ಬೆಂಕಿ ಹೊತ್ತಿಸಲು ಆದೀತೆಂದು, ತಾನು ಬರೆದಿಟ್ಟಿದ್ದ ಹಾಳೆಯನ್ನು ಅದರಡಿಗೆ ತುರುಕಿದ. ಇಳಿದು ಬರುವಷ್ಟರಲ್ಲಿ ಹಡಗು ಹೋಗಿತ್ತು.

ಗುರುಪಾದ ತಡೆಯಲಾರದೆ ಕೇಳಿದ, "ಆ ಸೌದೆಯಿಂದ ಯಾರ ಜೀವ ಉಳಿಯಿತು ಬುದ್ಧಿ?"

ಸ್ವಾಮಿಗಳು ಅವನನ್ನೇ ನೋಡಿದರು. "ಆ ಬರಹಗಾರನ ಜೀವ ಉಳಿಯಿತೆಂದು, ಅವನಿಗಿಂತ ಮೊದಲು ಸೌದೆ ಇಟ್ಟುಹೋದವನಿಗೆ ಇವತ್ತಿಗೂ ಗೊತ್ತಿಲ್ಲವಲ್ಲಪ್ಪಾ."