ಸೈಕಲ್ ಹೊನ್ನೂರನ ಕರಿಗೈ

"ಹೊಸಗಟ್ಟದ ದೊರೆ ಬಿಜ್ಜರಸನ ಅಪ್ಪಣೆ! ರಾಜಕುಮಾರಿ ಮುತ್ತಾಜಿ ಅಮ್ಮಣ್ಣಿಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಅರ್ಧ ರಾಜ್ಯ. ಅಮ್ಮಣ್ಣಿ ಒಪ್ಪಿದರೆ ಅವರ ಕೈಹಿಡಿಯುವ ಭಾಗ್ಯ. ತಪ್ಪಿದವನಿಗೆ ಅಮಾವಾಸ್ಯೆಯ ದಿನ ತಲೆದಂಡ!"

ಡಂಗುರದವನು ಇದನ್ನು ಏಳು ಊರಲ್ಲಿ ಸಾರಿ ನಮ್ಮ ಜಾಲಿಹಾಳಿಗೆ ಬರುವಷ್ಟರಲ್ಲಿ ಅವನ ಸೈಕಲ್ಲಿನ ಎರಡು ಚಕ್ರವೂ ನೆಲಕ್ಕೆ ಅಂಟಿದ್ದವು. ಅಂಟದೆ ಏನು? ನಮ್ಮೂರ ಜಾಲಿಮುಳ್ಳಿನ ಮುಂದೆ ಬೇರೆ ಯಾವ ಸೀಮೆಯ ಮುಳ್ಳೂ ನಿಲ್ಲುವುದಿಲ್ಲ. ಅಂಥ ಮುಳ್ಳಿರುವ ಕಡೆಯೇ ಅಂಥ ರಿಪೇರಿಯವನೂ ಹುಟ್ಟಬೇಕು. ಹುಟ್ಟಿದ್ದ. ಹೆಸರು ಹೊನ್ನೂರ. ಬೇವಿನ ಮರದಡಿ ಒಂದು ಪಂಪು, ಒಂದು ಬೋಗುಣಿ ನೀರು, ಒಂದು ಪೆಟ್ಟಿಗೆ ಸಾಮಾನು, ಮೊಣಕೈವರೆಗೆ ಗ್ರೀಸು. ಇಷ್ಟೇ ಅವನ ಆಸ್ತಿ. ಮಾತು ಕಮ್ಮಿ. ಅವನ ಪರವಾಗಿ ಕೊಚ್ಚಿಕೊಳ್ಳಲು ನಾವಿದ್ದೇವಲ್ಲ!

ಹೋದ ಸುಗ್ಗಿಯಲ್ಲಿ ಮುತ್ತಾಜಿ ಸೈಕಲ್ ತುಳಿಯುತ್ತ ಇದೇ ದಾರಿಯಲ್ಲಿ ಬಂದು, ಅವನ ಹತ್ತಿರ ಗಾಳಿ ಹೊಡೆಸಿಕೊಂಡು, "ನಿನ್ನ ಕೆಲಸ ಚೊಕ್ಕ ಕಣಯ್ಯಾ" ಎಂದು ಹೋಗಿದ್ದಳು. ಅಂದಿನಿಂದ ಹೊನ್ನೂರ ಆ ದಾರಿಗೆ ಮುಖ ಮಾಡಿಯೇ ಕೂರುತ್ತಿದ್ದ.

"ನನ್ನಂಥವನೂ ಹೋಗಬಹುದಾ ಅಣ್ಣಾ?" ಎಂದು ಡಂಗುರದವನನ್ನು ಕೇಳಿದ.

"ತಲೆ ಇರೋರೆಲ್ಲ ಹೋಗಬಹುದಪ್ಪ. ವಾಪಸು ಬರೋದು ಬೇರೆ ಮಾತು. ಈಗಾಗಲೇ ಹನ್ನೊಂದು ಮಂದಿ ಸೆರೆಯಲ್ಲಿ ಕೂತು ಅಮಾವಾಸ್ಯೆ ಎಣಿಸ್ತಿದಾರೆ."

ಹೊನ್ನೂರ ಸಾಮಾನಿನ ಪೆಟ್ಟಿಗೆಯನ್ನು ಕ್ಯಾರಿಯರಿಗೆ ಕಟ್ಟಿ ಹೊರಟೇಬಿಟ್ಟ.

ಆಸ್ಥಾನದಲ್ಲಿ ದೊರೆ ಬಿಜ್ಜರಸ ಬಟ್ಟೆ ಸುತ್ತಿದ ಬಲಗಾಲನ್ನು ದಿಂಬಿನ ಮೇಲಿಟ್ಟುಕೊಂಡು ಮುಖ ಸಿಂಡರಿಸಿ ಕೂತಿದ್ದ. ಪಕ್ಕದಲ್ಲಿ ಮುತ್ತಾಜಿ. ಹೊನ್ನೂರನ ಕೈ ನೋಡಿ ಮಂತ್ರಿ ಮೂಗು ಮುಚ್ಚಿಕೊಂಡ. "ಏನಯ್ಯಾ, ಸಿಂಹಾಸನಕ್ಕೂ ಪ್ಯಾಚ್ ಹಚ್ಚೋಕೆ ಬಂದೆಯಾ?"

ಮುತ್ತಾಜಿ ನಗಲಿಲ್ಲ. ಮೊದಲ ಒಗಟು ಕೇಳಿದಳು. "ಅದು ಒಳಗಿಲ್ಲದಿದ್ದರೆ ಬಿದ್ದುಕೊಂಡಿರುತ್ತದೆ, ತುಂಬಿದರೆ ಎದ್ದು ಓಡುತ್ತದೆ. ತುಂಬಿದ್ದು ಕಣ್ಣಿಗೆ ಕಾಣದು, ಕೈಗೆ ಸಿಗದು. ಏನದು? ಗುಮ್ಮನಕೋಟೆಯ ಯುವರಾಜ 'ಕೀರ್ತಿ' ಅಂದ. ಸೆರೆಯಲ್ಲಿದ್ದಾನೆ."

"ಗಾಳಿ ಅಮ್ಮಣ್ಣಿ. ದಿನಾ ತುಂಬೋದೇ ನನ್ನ ಕಸುಬು. ಮನುಷ್ಯರೊಳಗಿದ್ದರೆ ಉಸಿರು ಅಂತೀವಿ."

"ಸರಿ. ನೂರು ಮಂದಿ ಸುತ್ತ ನಿಂತು ಒಬ್ಬನನ್ನೇ ತಮ್ಮ ತಮ್ಮ ಕಡೆಗೆ ಎಳೆಯುತ್ತಾರೆ. ಎಲ್ಲರೂ ಎಳೆಯುವವರೆಗೆ ಅವನು ನೆಟ್ಟಗೆ; ಒಬ್ಬ ಸಡಿಲ ಬಿಟ್ಟರೂ ಡೊಂಕು. ಯಾರವನು?"

"ಸೈಕಲ್ ಚಕ್ರ."

"ತಪ್ಪು!" ಎಂದು ಮಂತ್ರಿ ಚಪ್ಪಾಳೆ ತಟ್ಟಿದ. "ಉತ್ತರ ಡೇರೆಯ ಕಂಬ. ನಾಲ್ಕೂ ಕಡೆ ಹಗ್ಗ ಎಳೆದು ಕಟ್ಟುತ್ತಾರಲ್ಲ, ಅದು. ಯಾರಲ್ಲಿ? ಹಿಡಿಯಿರಿ ಇವನನ್ನ!"

ಹೊನ್ನೂರ ಕತ್ತು ಸವರಿಕೊಂಡ. "ಸ್ವಲ್ಪ ತಾಳಿ ಬುದ್ಧಿ" ಎಂದು ಹೊರಗೋಡಿ ತನ್ನ ಸೈಕಲ್ಲನ್ನೇ ಒಳಗೆ ತಂದು ತಲೆಕೆಳಗು ನಿಲ್ಲಿಸಿದ. ಒಂದು ಕಡ್ಡಿ ಸಡಿಲಿಸಿ ಚಕ್ರ ತಿರುಗಿಸಿದ. ಅದು ಕುಡಿದವನ ಹಾಗೆ ತೂರಾಡಿತು. ಕಡ್ಡಿ ಬಿಗಿದು ತಿರುಗಿಸಿದ. ಗೆರೆ ಎಳೆದಂತೆ ನೆಟ್ಟಗೆ ಓಡಿತು.

ಮುತ್ತಾಜಿ ಬಗ್ಗಿ ನೋಡಿ ಅಂದಳು: "ಮಂತ್ರಿಗಳೇ, ಕಂಬ ನಿಂತಲ್ಲೇ ನಿಂತಿರುತ್ತದೆ. ಇದು ಓಡುತ್ತದೆ. ನನ್ನ ಉತ್ತರಕ್ಕಿಂತ ಇದೇ ಚೆಂದ."

ಆಮೇಲೆ ಅವಳ ದನಿ ಸಣ್ಣಗಾಯಿತು. "ಒಂದು ಗಾಯ. ಏಳು ವೈದ್ಯರು ಏಳು ಸಲ ವಾಸಿ ಮಾಡಿದರು. ಏಳು ಸಲವೂ ಅದೇ ಜಾಗದಲ್ಲಿ ಮತ್ತೆ ಬಾಯಿಬಿಟ್ಟಿತು. ಯಾಕೆ? ಇಲ್ಲಿವರೆಗೆ ಬಂದವನು ಒಬ್ಬನೇ. 'ಹೋದ ಜನ್ಮದ ಪಾಪ' ಅಂದ. ಅವನೇ ಹನ್ನೊಂದನೆಯವನು."

ಹೊನ್ನೂರನ ಕಣ್ಣು ದಿಂಬಿನ ಮೇಲಿನ ಕಾಲಿಗೆ ಹೋಯಿತು. "ದೊರೆ, ಗಾಯ ಮಾಯ್ದ ತಕ್ಷಣ ತಾವು ಏನು ಮಾಡ್ತೀರಿ?"

"ಪಟ್ಟದ ಜೋಡು ಮೆಟ್ಟಿಕೊಂಡು ಆಸ್ಥಾನಕ್ಕೆ ಬರ್ತೀನಿ. ಇನ್ನೇನು, ಕುಣೀಲಾ?" ದೊರೆ ಗುಡುಗಿದ.

"ಆ ಜೋಡು ಕೊಡಿಸಿ ಬುದ್ಧಿ."

ಬೆಳ್ಳಿತಟ್ಟೆಯಲ್ಲಿ ಜರಿಕೆಲಸದ ಜೋಡು ಬಂತು. ದೊರೆಯ ತಾತನ ಕಾಲದ್ದು. ತಟ್ಟೆ ಹಿಡಿಯುವವರಿದ್ದರು, ಪೂಜೆ ಮಾಡುವವರಿದ್ದರು. ಇನ್ನೊಬ್ಬರ ಕೆರದೊಳಗೆ ಕೈ ಹಾಕುವವರು ಮಾತ್ರ ಆ ಆಸ್ಥಾನದಲ್ಲಿ ಯಾರೂ ಇರಲಿಲ್ಲ. ಹೊನ್ನೂರ ಬೇವಿನ ಮರದಡಿ ಕೂರುವ ಹಾಗೆ ಕುಕ್ಕರಗಾಲಲ್ಲಿ ಕೂತು ಬಲಗಾಲಿನ ಜೋಡಿಗೆ ಕೈ ತೂರಿಸಿದ. ಮಂತ್ರಿ "ಥೂ!" ಅಂದ. ಹೊನ್ನೂರ ಕಣ್ಣು ಮುಚ್ಚಿ, ಹೊರಗಿನಿಂದ ಹೆಬ್ಬೆರಳಲ್ಲಿ ಅಟ್ಟೆ ಒತ್ತುತ್ತ, ಒಳಗೆ ಬೆರಳಾಡಿಸುತ್ತ ಹೋದ. ಹಿಮ್ಮಡಿಯ ಹತ್ತಿರ "ಸ್ಸ್" ಎಂದು ಕೈ ಹೊರಗೆಳೆದ. ಬೆರಳ ತುದಿಯಲ್ಲಿ ಒಂದು ಹನಿ ರಕ್ತ. ಇಕ್ಕಳ ಹಾಕಿ ಕಿತ್ತ. ತುಕ್ಕು ಹಿಡಿದ ಒಂದು ಪುಟ್ಟ ಮೊಳೆ.

"ಇದೇ ಉತ್ತರ. ನಾವು ಟ್ಯೂಬಿಗೆ ಪ್ಯಾಚ್ ಹಚ್ಚಿದ ಮೇಲೆ ಟೈರಿನೊಳಗೆ ಬೆರಳಾಡಿಸದೆ ಮುಚ್ಚೋದಿಲ್ಲ. ಮುರಿದ ಮುಳ್ಳು ಅಲ್ಲೇ ಕೂತಿರುತ್ತೆ. ಸುಮ್ಮನೆ ನೋಡಿದರೆ ಕಾಣಲ್ಲ, ಭಾರ ಬಿದ್ದಾಗ ತಲೆ ಎತ್ತುತ್ತೆ. ವೈದ್ಯರೆಲ್ಲ ಟ್ಯೂಬು ನೋಡಿದರು ಬುದ್ಧಿ. ಟೈರು ಯಾರೂ ನೋಡಲಿಲ್ಲ."

ಮುತ್ತಾಜಿಯ ಕಣ್ಣು ತುಂಬಿತು. "ಅಪ್ಪಾಜಿ, ಈ ಒಗಟಿಗೆ ನನಗೂ ಉತ್ತರ ಗೊತ್ತಿರಲಿಲ್ಲ. ಇದೊಂದಕ್ಕೋಸ್ಕರವೇ ಇಷ್ಟೆಲ್ಲ ಮಾಡಿದ್ದು. ತಲೆದಂಡ ಸೇರಿಸಿದ್ದು ನಿಮ್ಮ ನೋವಿನ ಸಿಟ್ಟು. ಇನ್ನು ಬಿಟ್ಟುಬಿಡಿ."

ಗಾಯ ಮಾಯುವುದನ್ನು ಕಾಯುತ್ತ ಒಂದು ವಾರ ಹೊನ್ನೂರನನ್ನು ಅರಮನೆಯಲ್ಲೇ ಇರಿಸಿಕೊಂಡರು. ಎಂಟನೆಯ ದಿನ ದೊರೆ ಅದೇ ಜೋಡು ಮೆಟ್ಟಿ ಆಸ್ಥಾನದ ಈ ತುದಿಯಿಂದ ಆ ತುದಿಗೆ ನಡೆದ. ತಿರುಗಿ ನಡೆದ. ಆಮೇಲೆ ಕುಣಿದೇಬಿಟ್ಟ. ಹನ್ನೊಂದು ಮಂದಿಯೂ ಬಿಡುಗಡೆಯಾಗಿ ಹಬ್ಬದೂಟ ಹೊಡೆದು ಮನೆಗೆ ಹೋದರು.

"ಅರ್ಧ ರಾಜ್ಯ ತಗೋ" ಎಂದ ದೊರೆ.

"ಅಷ್ಟನ್ನ ಎಲ್ಲಿಡಲಿ ಬುದ್ಧಿ? ಕೋಟೆ ಬಾಗಿಲ ಹತ್ತಿರ ಒಂದು ಮರದ ನೆರಳು ಕೊಡಿ ಸಾಕು. ಇನ್ನುಳಿದದ್ದು..." ಹೊನ್ನೂರ ನೆಲ ನೋಡಿದ. "ಅದು ಅಮ್ಮಣ್ಣಿಯವರಿಗೆ ಬಿಟ್ಟಿದ್ದು."

ಮುತ್ತಾಜಿ ಎದ್ದು ಬಂದಳು. ಪುರೋಹಿತರು ಗಾಬರಿಯಾದರು. ಹೊನ್ನೂರ ಅರಮನೆಯ ಸೈಕಲ್ಲುಗಳನ್ನೆಲ್ಲ ಬಿಚ್ಚಿ ಜೋಡಿಸಿ ಆಗಷ್ಟೇ ಬಂದಿದ್ದ. "ಮೊದಲು ಕೈ ತೊಳೆದುಕೊಳ್ಳಪ್ಪಾ!" ಎಂದು ಪುರೋಹಿತರು ಕೂಗಿದರು.

"ಬೇಡ, ಇರಲಿ" ಎಂದು ಅವಳು ಆ ಕರಿಗೈಯನ್ನು ಹಾಗೇ ಹಿಡಿದುಕೊಂಡಳು.

ನಮ್ಮ ಊರಿಗೆ ಊರೇ ಹೋಗಿತ್ತು ಆ ಮದುವೆಗೆ. ಮದುಮಗಳ ಅಂಗೈಗೆ ಎಷ್ಟು ಗೋರಂಟಿ ಹಚ್ಚಿದರೂ ಅಡಿಯಲ್ಲಿ ಗ್ರೀಸಿನ ಐದು ಬೆರಳು ಕಾಣುತ್ತಲೇ ಇದ್ದವು. ಅದನ್ನು ಅವಳು ಬಂದವರಿಗೆಲ್ಲ ಅಂಗೈ ಚಾಚಿ ತೋರಿಸುತ್ತಿದ್ದಳು.