ಎರಡನೆಯ ಹೆಣ

ಕಕ್ಕಸು ಗುಂಡಿ ಖಾಲಿ ಮಾಡುವ ಟ್ಯಾಂಕರಿನ ಕೆಲಸ ಕಲಿಯಬೇಕೆಂದು ಓಬಳೇಶ ಬಂದಾಗ, ಹುಲುಗಪ್ಪ ಹೊಳೆದಂಡೆಯ ಹುಣಸೆಮರದ ಬುಡದಲ್ಲಿ ಕೂತು ಪೈಪಿನ ತೂತಿಗೆ ಹಳೇ ಸೈಕಲ್ ಟ್ಯೂಬು ಸುತ್ತುತ್ತಿದ್ದ.

ಆ ಕಡೆಯ ಊರುಗಳಲ್ಲಿ ಈ ಕೆಲಸಕ್ಕೆ ಅವನೇ ಹಳಬ. ವಯಸ್ಸು ಅರವತ್ತು ದಾಟಿತ್ತು. ಗಾಡಿಯವರೆಲ್ಲ ಅವನನ್ನು ಉಸ್ತಾದ್ ಅನ್ನುತ್ತಿದ್ದರು. ಗುರು ಅನ್ನೋದಕ್ಕೆ ಲಾರಿ ಮಂದಿ ಬಳಸುವ ಮಾತು ಅದೇ.

ಓಬಳೇಶ ನಿಂತೇ ತನ್ನ ಕಥೆ ಹೇಳಿಕೊಂಡ. ಕಬ್ಬಿನ ಟ್ರ್ಯಾಕ್ಟರ್ ಹೊಡೆದಿದ್ದ, ಜಲ್ಲಿ ಲಾರಿ ಹೊಡೆದಿದ್ದ. ಎಲ್ಲೂ ನಿಂತಿರಲಿಲ್ಲ. ಹೆಂಡತಿ ಹೆರಿಗೆಗೆ ತವರಿಗೆ ಹೋದವಳು ಕೂಸಿಗೆ ಆರು ತಿಂಗಳಾದರೂ ವಾಪಸ್ ಬಂದಿರಲಿಲ್ಲ. ಒಂದು ಗಾಡಿಗೆ ಖಾಯಂ ಡ್ರೈವರ್ ಆಗಿ ಬಾ, ಆಮೇಲೆ ಕಳಿಸ್ತೀವಿ ಅಂತ ಅವಳ ಅಣ್ಣ ಬಾಗಿಲಲ್ಲೇ ನಿಲ್ಲಿಸಿ ಹೇಳಿದ್ದ. ಹುಲುಗಪ್ಪನಿಗೆ ವಯಸ್ಸಾಯಿತು, ಅವನ ಗಾಡಿಗೆ ಒಬ್ಬ ಬೇಕಂತೆ ಅಂತ ಸುದ್ದಿ ಕೇಳಿ ಬಂದಿದ್ದ. ವಾಸನೆಗೆ ಹೆದರುವವನು ನಾನಲ್ಲ ಅಂದ.

"ವಾಸನೆ ಬಿಡು," ಅಂದ ಹುಲುಗಪ್ಪ. "ನಾಕು ದಿನದಾಗ ಮೂಗು ಸೋಲ್ತೈತೆ. ಹೇಳಿದ ಮಾತು ಕೇಳ್ತೀಯಾ?"

"ಕೇಳ್ತೀನ್ರಿ."

"ಒಂದೇ ಮಾತು. ನಾನು ಗುಂಡಿಗೆ ಬಿದ್ರೆ ನೀನು ಇಳೀಬಾರ್ದು."

ಮುದುಕ ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡ ಓಬಳೇಶ. "ಇದೆಂಥ ಮಾತು ಉಸ್ತಾದ್. ಅನ್ನ ಕೊಟ್ಟೋರು ಬಿದ್ರೆ ಯಾರಾದ್ರೂ ಮ್ಯಾಲೆ ನಿಂತು ನೋಡ್ತಾರಾ?"

"ಅಂದ್ರೆ ಇಳೀತೀಯ."

"ಇಳೀತೀನಿ."

ಹುಲುಗಪ್ಪ ಟ್ಯೂಬಿನ ಗಂಟನ್ನು ಹಲ್ಲಲ್ಲಿ ಬಿಗಿದ. "ಹಂಗಾದ್ರೆ ಪೈಪ್ ಹಿಡ್ಕ. ಸ್ಟೇರಿಂಗ್ ಮುಟ್ಟಬ್ಯಾಡ."

ಓಬಳೇಶ ಪೈಪ್ ಹಿಡಿದ.

ಗುಂಡಿಯ ಮುಚ್ಚಳವನ್ನು ಹಾರೆಯಿಂದ ಮೀಟುವಾಗ ಮುಖ ಆ ಕಡೆ ತಿರುಗಿಸಬೇಕು ಅಂತ ಕಲಿತ. ಗಾಳಿ ಯಾವ ಕಡೆಯಿಂದ ಬೀಸುತ್ತದೋ ಆ ಕಡೆ ನಿಲ್ಲಬೇಕು ಅಂತ ಕಲಿತ. ಮುಚ್ಚಳ ತೆಗೆದ ಮೇಲೆ ಒಳಗಿನ ವಿಷದ ಗಾಳಿ ಹೋಗಲಿ ಅಂತ ಹುಲುಗಪ್ಪ ದೂರ ಹೋಗಿ ಕೂರುತ್ತಿದ್ದ, ಬೀಡಿ ಹಚ್ಚುತ್ತಿರಲಿಲ್ಲ, ಹಚ್ಚಲು ಬಂದವರನ್ನು ಓಡಿಸುತ್ತಿದ್ದ. ಲಾಡ್ಜಿನ ಗುಂಡಿ ತೆಳು, ಹಾಸ್ಟೆಲಿನದು ಗಟ್ಟಿ, ಕಲ್ಯಾಣ ಮಂಟಪದ್ದು ಮೇಲೆ ಎಣ್ಣೆ ಕಟ್ಟಿರುತ್ತದೆ. ಗಟ್ಟಿಯಾಗಿದ್ದರೆ ನೀರು ಹೊಯ್ದು, ಉದ್ದದ ಗಳದಿಂದ ಕದಡಿ, ಆಮೇಲೆ ಗಾಡಿಯ ಪಂಪಿನಿಂದ ಎಳೆಯಬೇಕು.

ಎಳೆದದ್ದನ್ನು ಹನ್ನೆರಡು ಮೈಲಿ ಆಚೆ ಶುದ್ಧೀಕರಣದ ಘಟಕಕ್ಕೆ ಒಯ್ದು ಬಿಡುತ್ತಿದ್ದರು. ದಾರಿಯಲ್ಲಿ ಚಹಾದಂಗಡಿಯವನು ಎಲ್ಲರಿಗೂ ಗಾಜಿನ ಲೋಟ ಕೊಟ್ಟು ಇವರಿಬ್ಬರಿಗೆ ಕಾಗದದ್ದು ಕೊಡುತ್ತಿದ್ದ, ಅದೂ ರಸ್ತೆ ಮೇಲೆ. ಓಬಳೇಶ ಮೊದಲ ದಿನ ಜಗಳಕ್ಕೆ ನಿಂತ. ಹುಲುಗಪ್ಪ ಕುಡಿದು, ಲೋಟ ಮಡಚಿ ಜೇಬಿಗೆ ಹಾಕಿಕೊಂಡು, ಇವನ ಗುಂಡಿ ಬ್ಯಾಸಿಗಿಗೆ ತುಂಬ್ತೈತೆ, ಅವಾಗ ಅವನೇ ಗಾಜಿನ ಲೋಟ ಹಿಡ್ಕಂಡು ಮನಿಗೆ ಬರ್ತಾನೆ ಬಾ ಅಂತ ಎಳೆದುಕೊಂಡು ಹೋದ.

ವಾರಕ್ಕೊಮ್ಮೆ ಓಬಳೇಶ ಸ್ಟೇರಿಂಗ್ ಕೇಳುತ್ತಿದ್ದ.

ಹುಲುಗಪ್ಪ ಅದೇ ಪ್ರಶ್ನೆ ಹಾಕುತ್ತಿದ್ದ. ನಾನು ಬಿದ್ರೆ?

ಇಳೀತೀನಿ ಅನ್ನುತ್ತಿದ್ದ ಓಬಳೇಶ. ಹಟಕ್ಕೆ ಅಂದದ್ದಲ್ಲ. ಬೇರೆ ಉತ್ತರ ಅವನ ಬಾಯಿಗೆ ಬರುತ್ತಿರಲಿಲ್ಲ.

ಮೂರು ತಿಂಗಳಾಯಿತು. ತವರಿನಿಂದ ಹೆಂಡತಿ ಫೋನ್ ಮಾಡಿ, ನೀನು ಗಾಡಿ ಹೊಡೀತೀಯೋ ಪೈಪ್ ಹಿಡೀತೀಯೋ ಅಂತ ಅಣ್ಣ ಕೇಳ್ತಾನೆ, ಏನು ಹೇಳ್ಲಿ ಅಂದಳು. ಕೂಸು ಹಿಂದೆ ಅಳುತ್ತಿತ್ತು.

ಮರುದಿನ ಉಸ್ತಾದ್ ಕೇಳುವ ಮೊದಲೇ ಹೇಳಿದ.

"ನೀವು ಬಿದ್ರೆ ನಾನು ಇಳಿಯಲ್ಲ."

ಹುಲುಗಪ್ಪ ಅವನ ಕಾಲ ಕಡೆ ನೋಡಿದ. "ಬಾಯಿ ಕಲೀತು," ಅಂದ. "ಕಾಲು?"

ಓಬಳೇಶನಿಗೆ ಅರ್ಥವಾಗಲಿಲ್ಲ. ಹುಲುಗಪ್ಪ ಅವತ್ತು ಸ್ಟೇರಿಂಗ್ ಕೊಡಲೂ ಇಲ್ಲ.

ಆ ವಾರ ಗಾಡಿ ರಿಪೇರಿಗೆ ನಿಂತಿತ್ತು. ಟ್ಯಾಂಕನ್ನು ಮೂರು ಸಲ ತೊಳೆದು ಮರದಡಿ ಬಿಟ್ಟಿದ್ದರು. ನಾಲ್ಕನೇ ದಿನ ಹುಲುಗಪ್ಪ ಚಹಾ ತರಲು ಓಬಳೇಶನನ್ನು ಕಳಿಸಿದ.

ಓಬಳೇಶ ವಾಪಸ್ ಬಂದಾಗ ಮರದಡಿ ಯಾರೂ ಇರಲಿಲ್ಲ. ಗಾಡಿಯ ಏಣಿಯ ಕೆಳಗೆ ಉಸ್ತಾದನ ಚಪ್ಪಲಿ. ಟ್ಯಾಂಕಿನ ಮೇಲಿನ ಮುಚ್ಚಳ ತೆರೆದಿತ್ತು. ಕರೆದ. ಸದ್ದಿಲ್ಲ. ಹತ್ತಿ ಬಗ್ಗಿ ನೋಡಿದ. ತಳದಲ್ಲಿ ಹುಲುಗಪ್ಪ ಬೋರಲು ಬಿದ್ದಿದ್ದ.

ಚಹಾ ಎಲ್ಲಿ ಬಿತ್ತೋ. ಓಬಳೇಶ ಒಳಗೆ ಧುಮುಕಿದ್ದ. ಮೊಣಕಾಲು ತಗಡಿಗೆ ಬಡಿದು ಚರ್ಮ ಕಿತ್ತು ಹೋಯಿತು. ಮುದುಕನ ಕಂಕುಳಿಗೆ ಕೈ ಹಾಕಿ ಎತ್ತಲು ನೋಡಿದ.

ಮುದುಕ ಎದ್ದು ಕೂತ.

"ಈಗ ಎಷ್ಟು ಹೆಣ?" ಅಂದ.

ಓಬಳೇಶ ಏದುಸಿರು ಬಿಡುತ್ತಿದ್ದ.

"ಎರಡು," ಅಂದ ಹುಲುಗಪ್ಪ. "ಊರಾಗ ಯಾರಿಗೂ ಗೊತ್ತಿಲ್ಲ. ಗಾಡಿ ಯಾರು ಹೊಡೀತಾರೆ? ನಿನ್ನ ಹೆಂಡ್ತಿಗೆ ಯಾರು ಫೋನ್ ಮಾಡ್ತಾರೆ?"

ಆಗ ಓಬಳೇಶ ಕಂಡ. ಟ್ಯಾಂಕಿನ ಹಿಂದಿನ ಬಾಗಿಲು ಪೂರಾ ತೆರೆದಿತ್ತು. ಬಿಸಿಲು ತಳದ ತನಕ ಬಂದಿತ್ತು, ಗಾಳಿ ಆಡುತ್ತಿತ್ತು. ಹಿಂದೆ ಬಂದು ನಿಂತಿದ್ದರೆ ನೆಲದ ಮೇಲಿಂದಲೇ ಉಸ್ತಾದನ ಕಾಲು ಹಿಡಿದು ಎಳೆಯಬಹುದಿತ್ತು.

"ಇದು ಮೋಸ," ಅಂದ.

"ಹೌದು. ಗುಂಡಿನೂ ಮೋಸನೇ. ಅದು ಹೇಳಿ ಮಾಡಲ್ಲ."

ಇಬ್ಬರೂ ಹಿಂದಿನ ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತರು. ಮೊಣಕಾಲಿನ ರಕ್ತಕ್ಕೆ ಹುಲುಗಪ್ಪ ತನ್ನ ಟವಲ್ಲು ಹರಿದು ಕಟ್ಟಿದ. ಕಟ್ಟುತ್ತಲೇ ಒಂದು ಸಂಗತಿ ಹೇಳಿದ. ಈ ಗಾಡಿಗಳು ಬರುವ ಮೊದಲು ಬಕೆಟ್ಟು ಹಗ್ಗದ ಕಾಲ. ಒಂದು ಮನೆಯ ಗುಂಡಿಗೆ ಅವನ ತಮ್ಮ ಇಳಿದ, ಮೇಲೆ ಬರಲಿಲ್ಲ. ತಮ್ಮನನ್ನು ತರಲು ಹುಲುಗಪ್ಪನ ಹೆಂಡತಿಯ ತಮ್ಮ ಇಳಿದ. ಅವನನ್ನು ತರಲು ಮನೆಯ ಯಜಮಾನನೇ ಇಳಿದ, ಒಳ್ಳೆಯ ಮನುಷ್ಯ. ಮೂವರೂ ಹೆಣವಾದರು.

"ನಾಲ್ಕನೆಯವ ನಾನು," ಅಂದ ಹುಲುಗಪ್ಪ. "ಇಳಿಯಾಕೇ ಓಡಿದೆ. ಹಗ್ಗ ಕಾಲಿಗೆ ತೊಡರಿ ಬಿದ್ದೆ, ತಲಿ ಒಡೀತು, ಎಚ್ಚರ ತಪ್ತು. ಬುದ್ಧಿ ಇತ್ತು ಅಂತ ಉಳಿದೋನಲ್ಲ ನಾನು. ಎಡವಿ ಉಳಿದೋನು."

ಓಬಳೇಶ ಅವತ್ತಿನಿಂದ ಸ್ಟೇರಿಂಗ್ ಕೇಳುವುದನ್ನು ಬಿಟ್ಟ. ಕೇಳಿದರೆ ಉಸ್ತಾದ್ ಹಾಕುವ ಪ್ರಶ್ನೆಗೆ ಏನು ಉತ್ತರ ಹೇಳಬೇಕೆಂದು ಅವನಿಗೆ ತಿಳಿಯದಾಗಿತ್ತು.

ಹೊಳೆಯ ಆಚೆ ದಂಡೆಯಲ್ಲಿ ಒಂದು ಆಶ್ರಮ. ವಯಸ್ಸಾದ ಸ್ವಾಮಿಗಳು ಒಬ್ಬರು, ಎಲ್ಲರೂ ಅವರನ್ನು ಅಜ್ಜಾರು ಅನ್ನುತ್ತಿದ್ದರು. ಇಪ್ಪತ್ತು ಮಂದಿ ಭಕ್ತರು. ಅಡುಗೆಗೆ ಇಬ್ಬರು ಅಣ್ಣತಮ್ಮಂದಿರು. ದೊಡ್ಡವನು ಗಾದಿಲಿಂಗ, ಮಾತು ಕಡಿಮೆ. ಚಿಕ್ಕವನು ಎರ್ರಿಸ್ವಾಮಿ, ಮಾತಿಗೆ ಮೊದಲೇ ನಗುವವನು.

ಗುಂಡಿ ತುಂಬಿತೆಂದು ಆಶ್ರಮದಿಂದ ಕರೆ ಬಂತು. ಉಸ್ತಾದ್ ಗಾಡಿ ಹೊಡೆದ. ಓಬಳೇಶ ಪೈಪ್ ಇಳಿಸಿದ.

ಮುಚ್ಚಳ ತೆಗೆದಾಗ ಎಲ್ಲರೂ ಮೂಗು ಮುಚ್ಚಿಕೊಂಡು ಹೋದರು. ಎರ್ರಿಸ್ವಾಮಿ ಮಾತ್ರ ಹೋಗಲಿಲ್ಲ. ನೀರು ತಂದು ಹೊಯ್ದುಕೊಟ್ಟ.

"ನಾವು ಉಣ್ಣಾಕೆ ಇಡ್ತೀವಿ, ನೀವು ಒಯ್ತೀರಿ," ಅಂದ ಓಬಳೇಶನಿಗೆ. "ಇಬ್ಬರದೂ ಸೇವೆನೇ ಮಾವ. ಅಜ್ಜಾರು ನನಗೆ ಮಾತ್ರ ಪ್ರಸಾದ ಕೊಡ್ತಾರೆ."

ಓಬಳೇಶ ನಕ್ಕ. ಈ ಕೆಲಸಕ್ಕೆ ಬಂದ ಮೇಲೆ ಗುಂಡಿಯ ಹತ್ತಿರ ನಿಂತು ಅವನನ್ನು ಮಾವ ಅಂದವರು ಯಾರೂ ಇರಲಿಲ್ಲ.

ಗಟ್ಟಿ ಗುಂಡಿ. ಕೊಡಗಟ್ಟಲೆ ನೀರು ಹೊಯ್ದು ಕದಡಿದರು. ಹಂಗೆ ಹೊಯ್ಯುವಾಗ ಎರ್ರಿಸ್ವಾಮಿಯ ಕೈಯಿಂದ ಹಿತ್ತಾಳೆ ಕೊಡ ಜಾರಿ ಒಳಗೆ ಬಿತ್ತು. ಅದು ಪೂಜೆಗೆ ನೀರು ತರುವ ಕೊಡ, ಅವಸರಕ್ಕೆ ಕೈಗೆ ಸಿಕ್ಕಿದ್ದನ್ನು ತಂದಿದ್ದ. ಅಣ್ಣನಿಗೆ ಗೊತ್ತಾದರೆ ಚರ್ಮ ಸುಲೀತಾನೆ ಅಂತ ಮೆಲ್ಲಗೆ ಹೇಳಿಕೊಂಡ.

ಮಧ್ಯಾಹ್ನಕ್ಕೆ ಗುಂಡಿ ಖಾಲಿಯಾಯಿತು. ತಳದಲ್ಲಿ ಪಾದ ಮುಳುಗುವಷ್ಟು ಕೆಸರು, ಕೆಸರಲ್ಲಿ ಕೊಡದ ಬಾಯಿ ಕಾಣುತ್ತಿತ್ತು.

ಗಾಡಿಯಾಗ ಕೊಕ್ಕೆ ಐತೆ, ತಂದು ತೆಗೀತೀನಿ, ಅಲ್ಲೀತನಕ ಯಾರೂ ಹತ್ರ ಹೋಗಬ್ಯಾಡ್ರಿ ಅಂತ ಹೇಳಿ ಹುಲುಗಪ್ಪ ಪಂಪ್ ನಿಲ್ಲಿಸಲು ಹೋದ. ಓಬಳೇಶ ಬೆನ್ನು ತಿರುಗಿಸಿ ಪೈಪ್ ಸುತ್ತುತ್ತಿದ್ದ.

"ತುಂಬಿದಾಗ ಹೆದರಬೇಕಪ್ಪ," ಅಂತ ಎರ್ರಿಸ್ವಾಮಿ ಹಿಂದೆ ಅಂದದ್ದು ಕೇಳಿಸಿತು. "ಖಾಲಿ ಆದ ಮ್ಯಾಲೆ ಎಂಥ ಹೆದರಿಕೆ."

ಆಶ್ರಮದ ಬಿದಿರಿನ ಏಣಿ ಗುಂಡಿಯ ಕಲ್ಲಿಗೆ ಉಜ್ಜಿದ ಸದ್ದು.

ಓಬಳೇಶ ತಿರುಗಿದಾಗ ಅಲ್ಲಿ ಏಣಿಯ ತುದಿ ಮಾತ್ರ ಇತ್ತು.

ಎರ್ರಿಸ್ವಾಮಿಯನ್ನು ಕೂಗುತ್ತ ಓಡಿದ. ಒಳಗೆ ಎರ್ರಿಸ್ವಾಮಿ ಕೊಡದ ಮೇಲೆ ಕೈಯಿಟ್ಟು ಕೂತಿದ್ದ, ದಣಿದು ಕೂತವರ ಹಾಗೆ. ತಲೆ ಮುಂದಕ್ಕೆ ಬಾಗಿತು. ಮತ್ತೂ ಬಾಗಿತು. ಮುಖ ಕೆಸರಿಗೆ ಹೋಯಿತು.

ಓಬಳೇಶನ ಒಂದು ಕಾಲು ಆಗಲೇ ಏಣಿಯ ಮೇಲಿತ್ತು.

ಅಷ್ಟರಲ್ಲಿ ಅಡುಗೆಮನೆಯಿಂದ ಗಾದಿಲಿಂಗ ಓಡಿ ಬರುತ್ತಿದ್ದ. ಕೈತುಂಬ ಹಿಟ್ಟು ಮೆತ್ತಿತ್ತು. ತಮ್ಮನ ಹೆಸರು ಕೂಗುತ್ತಿದ್ದ. ಅವನ ಕಣ್ಣು ಗುಂಡಿಯ ಮೇಲಲ್ಲದೆ ಬೇರೆ ಎಲ್ಲೂ ಇರಲಿಲ್ಲ.

ಓಬಳೇಶ ಕಾಲು ತೆಗೆದ. ಏಣಿ ಹಿಡಿದು ಮೇಲಕ್ಕೆ ಎಳೆದು ಆಚೆ ಎಸೆದ.

ಗಾದಿಲಿಂಗ ನಿಲ್ಲಲಿಲ್ಲ, ಧುಮುಕಲಿಕ್ಕೇ ಬಂದ. ಓಬಳೇಶ ಅವನ ಸೊಂಟ ಹಿಡಿದು ಕೆಡವಿ ಮೇಲೆ ಬಿದ್ದ. ಗಾದಿಲಿಂಗ ಬಲವಾದ ಆಳು. ಮುಖಕ್ಕೆ ಗುದ್ದಿದ, ತೋಳು ಕಚ್ಚಿದ, ಬಿಡೋ ಅಂತ ಬೇಡಿಕೊಂಡ. ಬೇಡಿಕೊಂಡದ್ದನ್ನು ತಡೆಯುವುದು ಕಚ್ಚಿದ್ದಕ್ಕಿಂತ ಕಷ್ಟವಾಯಿತು. ಓಬಳೇಶ ಕಣ್ಣು ಮುಚ್ಚಿಕೊಂಡು ಅವನನ್ನು ನೆಲಕ್ಕೆ ಒತ್ತಿ ಹಿಡಿದ.

ಹುಲುಗಪ್ಪ ಕೊಕ್ಕೆ ಹಗ್ಗ ತಂದ. ಟವಲ್ಲನ್ನು ಮೂಗಿಗೆ ಕಟ್ಟಿ, ಅಂಚಿನಲ್ಲಿ ಅಡ್ಡ ಮಲಗಿ, ಮುಖ ಆಚೆ ತಿರುಗಿಸಿ, ಕ್ಷಣಕ್ಕೊಮ್ಮೆ ಮಾತ್ರ ಒಳಗೆ ನೋಡುತ್ತ ಕೊಕ್ಕೆ ಬಿಟ್ಟ. ಮೂರು ಸಲ ತಪ್ಪಿತು. ನಾಲ್ಕನೇ ಸಲ ಸೊಂಟದ ಬೆಲ್ಟಿಗೆ ಸಿಕ್ಕಿತು. ಭಕ್ತರು ಹಗ್ಗ ಎಳೆದರು.

ಹುಲ್ಲಿನ ಮೇಲೆ ಮಲಗಿಸಿ ಬಾಯಿ ತೊಳೆದರು. ಹುಲುಗಪ್ಪ ಎದೆ ಒತ್ತಿದ, ಆಂಬುಲೆನ್ಸ್ ಬರುವ ತನಕ ಒತ್ತುತ್ತಲೇ ಇದ್ದ. ಆಂಬುಲೆನ್ಸಿನವರು ಬಂದು ಅವನ ಕೈ ಹಿಡಿದು ನಿಲ್ಲಿಸಿದರು.

ಅಜ್ಜಾರು ಬಂದು ತಮ್ಮ ಶಾಲು ತೆಗೆದು ಎರ್ರಿಸ್ವಾಮಿಗೆ ಹೊದಿಸಿದರು.

ಗಾದಿಲಿಂಗ ಎದ್ದು ಓಬಳೇಶನ ಎದುರು ಬಂದ.

"ಏಣಿ ಇದ್ದಿದ್ರೆ ನನ್ನ ತಮ್ಮನ್ನ ಎತ್ತುತಿದ್ದೆ," ಅಂದ. "ಅವನು ಒಳಗಿರುವಾಗ ಏಣಿ ಎಳೆದಿ. ನೀನೇ ಕೊಂದಿ."

ಮುಖಕ್ಕೆ ಉಗುಳಿದ.

ಸುತ್ತ ನಿಂತವರಲ್ಲಿ ಒಬ್ಬರೂ ಇಲ್ಲ ಅನ್ನಲಿಲ್ಲ. ಹಿಂದಿನಿಂದ ಯಾರೋ ಚಪ್ಪಲಿ ಎಸೆದರು. ಪೊಲೀಸರು ಬಂದು ಕೇಳಿದ್ದಕ್ಕೆ, ಹೌದು, ಏಣಿ ಎಳೆದವನು ನಾನೇ ಅಂತ ಓಬಳೇಶ ಬರೆಸಿದ. ಬರೆದುಕೊಂಡವನು ಪೆನ್ನು ನಿಲ್ಲಿಸಿ ಒಮ್ಮೆ ಅವನನ್ನು ನೋಡಿದ. ನಾಳೆ ಠಾಣೆಗೆ ಬನ್ನಿ ಅಂದ.

ಹೊತ್ತು ಇಳಿದಿತ್ತು. ಗಾಡಿ ಇನ್ನೂ ತುಂಬಿಯೇ ಇತ್ತು, ಒಯ್ದು ಬಿಟ್ಟು ಬರಬೇಕು.

ಹುಲುಗಪ್ಪ ಗಾಡಿಯ ಎಡಗಡೆ ಬಾಗಿಲು ತೆಗೆದು ಹತ್ತಿ ಕೂತ. ಬಲಗಡೆಯ ಸೀಟು ಖಾಲಿ ಇತ್ತು. ಓಬಳೇಶ ಹತ್ತಿದ. ಚಾಲೂ ಮಾಡಿದ. ತಾನು ಎಲ್ಲಿ ಕೂತಿದ್ದೇನೆ ಅನ್ನೋದು ಸೇತುವೆ ಬರುವ ತನಕ ಅವನ ತಲೆಗೆ ಹೋಗಲಿಲ್ಲ. ಹೋದ ಮೇಲೆ ಪಕ್ಕಕ್ಕೆ ಹಾಕಿ ನಿಲ್ಲಿಸಿದ.

ಕಚ್ಚಿದ ತೋಳು ಬಾತಿತ್ತು. ಮುಖ ಒರೆಸಿಕೊಂಡಿರಲಿಲ್ಲ.

"ನನಗೆ ಈ ಕೆಲಸ ಬ್ಯಾಡ ಉಸ್ತಾದ್," ಅಂದ.

ಹುಲುಗಪ್ಪ ಕೈ ಚಾಚಿ ಎಂಜಿನ್ ಆರಿಸಿದ.

"ನನಗೆ ಮಾವ ಅಂದಿದ್ದ ಅವನು. ಏಣಿ ಎಳೆದುಬಿಟ್ಟೆ."

ಹೊಳೆಯ ಕಡೆಯಿಂದ ಗಾಳಿ ಬಂತು.

"ಆ ಗಾದಿಲಿಂಗ ಇನ್ನು ಸಾಯೋತನಕ ನನ್ನ ಬೈತಾನೆ. ದಿನಾ ಬೆಳಗ್ಗೆ ಎದ್ದು ಬೈತಾನೆ. ಮಕ್ಕಳಾದ್ರೆ ಮಕ್ಕಳಿಗೆ ಹೇಳಿ ಬೈತಾನೆ."

"ಬೈಲಿ," ಅಂದ ಹುಲುಗಪ್ಪ. "ಬೈಯಾಕೆ ಒಬ್ಬ ಉಳಿದಾನಲ್ಲ."