ದುಭಾಷಿ ಬಂಡೆ

ಕರಿಮಟ್ಟಿ ಕೋಟೆಯ ಅಗಸಿ ಬಾಗಿಲಿನ ಎದುರಿಗೆ ಒಂದು ಕೆಂಪು ಹಾಸುಬಂಡೆ ಇದೆ. ಅದಕ್ಕೆ ದುಭಾಷಿ ಬಂಡೆ ಎನ್ನುತ್ತಾರೆ. ಒಬ್ಬರ ಮಾತನ್ನು ಇನ್ನೊಬ್ಬರ ಭಾಷೆಯಲ್ಲಿ ಹೇಳುವವನು ದುಭಾಷಿ. ಕೋಟೆ ನೋಡಲು ಬಂದವರು ಅದರ ಮೇಲೆ ಕುಳಿತು ಬುತ್ತಿ ಬಿಚ್ಚುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ, ಹೆಸರು ಯಾಕೆ ಬಂತೆಂದು ಕೇಳುವ ವ್ಯವಧಾನ ಮಾತ್ರ ಅವರಿಗಿರುವುದಿಲ್ಲ. ಅಪರೂಪಕ್ಕೆ ಕೇಳಿದವರಿಗೆ ನಾನು ಹೇಳುವುದು ಇದು.

ಹಿಂದೆ ಒಮ್ಮೆ ಫಾರಸಿ ಮಾತಾಡುವ ಸರದಾರನೊಬ್ಬ ಈ ಕೋಟೆಗೆ ಮುತ್ತಿಗೆ ಹಾಕಿದ್ದ. ಕೋಟೆಯ ದೇಸಾಯಿ ಗಾಯಗೊಂಡು ಹಾಸಿಗೆ ಹಿಡಿದಿದ್ದ. ಬಾವಿ ತಳ ಕಂಡಿತ್ತು. ಮಕ್ಕಳು ಕೆಸರನ್ನು ಬಟ್ಟೆಯಲ್ಲಿ ಹಿಂಡಿ ಕುಡಿಯುತ್ತಿದ್ದವು. ಕಡೆಗೆ ದೇಸಾಯಿಯ ಹೆಂಡತಿ ನೀಲಗಂಗವ್ವ ಅಗಸಿಯ ಮೇಲೆ ಬಂದು ನಿಂತು, ಸರದಾರನ ದುಭಾಷಿ ಹುಸೇನಿಯನ್ನು ಕರೆದಳು. ಹುಸೇನಿಗೆ ಕನ್ನಡ ಹುಟ್ಟೂರಿನ ಮಾತು, ಫಾರಸಿ ಹೊಟ್ಟೆಪಾಡಿನದು.

"ನಿಮ್ಮ ಸರದಾರಗ ಹೇಳಪಾ, ತನ್ನ ಕೈಲೆ ನನ್ನ ಉಡಿ ತುಂಬಲಿ. ತುಂಬತೀನಿ ಅಂದ್ರ ಅಗಸಿ ತಗಸ್ತೀನಿ."

ಆಕೆಯ ಸೆರಗಿಗೆ ಅಕ್ಕಿ, ಕೊಬ್ಬರಿ, ಅರಿಶಿನ, ಕುಬಸದ ಬಟ್ಟೆ ಹಾಕಬೇಕಂತೆ ಎಂದು ಹುಸೇನಿ ಸರದಾರನಿಗೆ ತಿಳಿಸಿದ. ಫಾರಸಿಯಲ್ಲಿ ಅವನಿಗೆ ಆ ಗಳಿಗೆಗೆ ಸಿಕ್ಕಿದ್ದು ಅಷ್ಟೇ. ಸರದಾರ ನಕ್ಕುಬಿಟ್ಟ. ಪಾಪ, ಹಸಿದಿದ್ದಾಳೆ ಎಂದು ಅಕ್ಕಿಯ ಮೂಟೆ ತರಿಸಿ, ಬಂಡೆಯ ಮೇಲೆ ನಿಂತು ಹಿಡಿ ತುಂಬಿ ಎತ್ತಿ ತೋರಿಸಿದ. ನೀಲಗಂಗವ್ವನ ಮುಖ ಅರಳಿತು. ಒಳಗೆ ಅಗುಳಿ ಸರಿಯುವ ಸದ್ದು ಕೇಳಿತು. ಅಗಸಿ ತೆರೆಯುವುದನ್ನು ನೋಡಲು ಕೋಟೆಯ ಹಿಂಬದಿಗೆ ಕಾವಲಿದ್ದ ಸರದಾರನ ಸೈನಿಕರೂ ಓಡಿ ಬಂದರು.

ಕೋಟೆಯ ಒಬ್ಬ ಗಂಡಸನ್ನೂ ಉಳಿಸಬಾರದೆಂಬ ಹುಕುಮನ್ನು ಬೆಳಿಗ್ಗೆ ಸೈನಿಕರಿಗೆ ಕನ್ನಡದಲ್ಲಿ ಸಾರಿದವನು ಹುಸೇನಿಯೇ. ನೀಲಗಂಗವ್ವ ಕೇಳಿದ್ದು ಅಕ್ಕಿಯನ್ನಲ್ಲ. ಉಡಿ ತುಂಬಿದ ಮನೆ ತವರಾಗುತ್ತದೆ. ಮಗಳ ಸಂಸಾರದ ಮೇಲೆ ತವರು ಕೈ ಎತ್ತುವುದಿಲ್ಲ. ಸರದಾರ ತಿಳಿಯದೆ ಒಪ್ಪಿದ್ದ, ತಿಳಿದೇ ಒಪ್ಪಿದನೆಂದು ಆಕೆ ನಂಬಿದ್ದಳು.

"ಅವ್ವಾ, ತೆಗೀಬ್ಯಾಡ್ರಿ! ನಿಮ್ಮ ಮಾತು ಇನ್ನೂ ಮುಟ್ಟಿಲ್ಲ!" ಎಂದು ಅವನು ಚೀರಿದ.

ಅಗುಳಿ ನಿಂತಿತು. ಸರದಾರ ಕತ್ತಿಯನ್ನು ಅವನ ಕೊರಳಿಗೆ ಹಿಡಿದು, ಏನು ಕೂಗಿದೆ ಎಂದು ಗದರಿದ. "ಹುಜೂರ್, ನಾನು ಸಾಮಾನಿನ ಹೆಸರು ಹೇಳಿದೆ, ಮಾತು ಹೇಳಲಿಲ್ಲ. ಆ ಅಕ್ಕಿ ಹಾಕಿದರೆ ಅವಳು ನಿಮ್ಮ ಮಗಳು. ಒಳಗೆ ಮಲಗಿರುವ ಗಾಯಾಳು ನಿಮ್ಮ ಅಳಿಯ. ಹೌದು ಅನ್ನುವುದಾದರೆ ಹಾಕಿ" ಎಂದ ಹುಸೇನಿ. ಸರದಾರ ಬಹಳ ಹೊತ್ತು ತನ್ನ ಹಿಡಿಯನ್ನೇ ನೋಡುತ್ತ ನಿಂತ. ಕ್ರೂರಿಯೇ, ಆದರೂ ಅಂಥ ಸುಳ್ಳಿಗೆ ಅವನ ಕೈ ಏಳಲಿಲ್ಲ ಎನ್ನುತ್ತಾರೆ. ಅಕ್ಕಿಯನ್ನು ಬಂಡೆಯ ಮೇಲೆ ಸುರಿದುಬಿಟ್ಟ. ಅದರ ಅರ್ಥವನ್ನು ನೀಲಗಂಗವ್ವನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅಗುಳಿ ಮತ್ತೆ ಬಿತ್ತು. ಆ ಸಿಟ್ಟಿಗೆ ಹುಸೇನಿಯ ತಲೆ ಅಲ್ಲೇ ಉರುಳಿತು. ಅಗಸಿಯ ಮುಂದಿನ ಆ ಗದ್ದಲದಲ್ಲಿ, ಕಾವಲಿಲ್ಲದ ಹಿಂದಿನ ಕೊರಕಲಿನಿಂದ ಕೋಟೆಯ ಜನ ಹಗ್ಗ ಹಿಡಿದು ಇಳಿದು, ದೇಸಾಯಿಯನ್ನೂ ಕಂಬಳಿಯಲ್ಲಿ ಕಟ್ಟಿ ಇಳಿಸಿಕೊಂಡು ಪಾರಾದರು.

ದಂಡು ತೆರಳಿದ ಮೇಲೆ ನೀಲಗಂಗವ್ವ ಹುಸೇನಿಯ ತಲೆ ಉರುಳಿದ ಈ ಬಂಡೆಗೆ ಬಂದಳು. ಬಂಡೆಯ ಸೀಳಿನಲ್ಲಿ ಉಳಿದಿದ್ದ ಅಕ್ಕಿಕಾಳುಗಳನ್ನು ಒಂದೊಂದಾಗಿ ಆಯ್ದು ಸೆರಗಿಗೆ ಹಾಕಿಕೊಂಡಳು. ಇದೇನೆಂದು ಕೇಳಿದವರಿಗೆ, "ನನ್ನ ಉಡಿ ತುಂಬಿದಾಂವ ಇಂವಾ. ಇದು ನನ್ನ ತವರಮನಿ" ಎಂದು ಗಳಗಳನೆ ಅತ್ತಳಂತೆ.

ಇವತ್ತಿಗೂ ತವರಿನಲ್ಲಿ ಯಾರೂ ಉಳಿದಿರದ ಹೆಣ್ಣುಮಕ್ಕಳು ಈ ಬಂಡೆಗೆ ಬರುತ್ತಾರೆ. ತಾವೇ ತಂದ ಅಕ್ಕಿಯನ್ನು ಇದರ ಮೇಲಿಟ್ಟು, ತಾವೇ ಸೆರಗಿಗೆ ತುಂಬಿಕೊಂಡು, ದಾರಿಯಲ್ಲಿ ಸಿಕ್ಕವರಿಗೆ ತವರಿಗೆ ಹೋಗಿದ್ದೆವು ಎಂದು ಹೇಳಿ ಮನೆಗೆ ಹೋಗುತ್ತಾರೆ.